ಬೆಳಗಿನ ಹೊತ್ತಿನ ಉತ್ತರಗಳು

ಬುಧವಾರ, ಹದಿನೇಳನೆಯ ತಾರೀಖು
ಶಾಲೆಯಿಂದ, ಮಧ್ಯಾಹ್ನದ ಬಿಡುವಿನಲ್ಲಿ

ಅಕ್ಕಾ,

ಪತ್ರದ ಮೊದಲಿಗೆ ಕ್ಷೇಮಸಮಾಚಾರ ಬರೆಯಬೇಕು. ನನ್ನ ಕ್ಷೇಮ ಎಂಥದ್ದೆಂದು ನನಗೇ ಸರಿಯಾಗಿ ತಿಳಿಯದ ಕಾರಣ ಅದನ್ನು ಬಿಟ್ಟು ನೇರ ವಿಷಯಕ್ಕೆ ಬರುತ್ತೇನೆ. ಫೋನ್ ಮಾಡಬಹುದಿತ್ತು. ನನ್ನ ಹೆಸರು ಕಂಡರೆ ನೀನು ಎತ್ತುವುದಿಲ್ಲ. ಎತ್ತಿದರೂ ನಾನು ಹೇಳಬೇಕಾದದ್ದನ್ನು ಹೇಳದೆ, ಊಟ ಆಯ್ತಾ ಎಂದು ಕೇಳಿ ಇಟ್ಟುಬಿಡುತ್ತೇನೆ. ಅಲ್ಲದೆ ಇದು ನಿನ್ನ ಶಾಲೆಯ ಕಡತಕ್ಕೆ ಸೇರಬೇಕಾದ ವಿಷಯ, ಕಾಗದದ ಮೇಲೆಯೇ ಇರಲಿ.

ಕಳೆದ ತಿಂಗಳು ನನ್ನ ನಾಲ್ಕನೆಯ ತರಗತಿಯಿಂದ ನಿನ್ನ ವಿಶೇಷ ಶಾಲೆಗೆ ಒಬ್ಬ ಹುಡುಗಿಯನ್ನು ಕಳಿಸಿದೆವು. ಒಂಬತ್ತು ವರ್ಷ, ಎಡ ಹುಬ್ಬಿನ ಮೇಲೆ ಗಾಯದ ಗುರುತು. ತಾಯಿ ಇಲ್ಲ. ಅಪ್ಪ ಬೇಕರಿಯಲ್ಲಿ ಒಲೆಯ ಮುಂದೆ ಕೆಲಸ ಮಾಡುವವನು, ಹಾಗಾಗಿ ನಮ್ಮ ಮಕ್ಕಳು ಅವಳನ್ನು ಬನ್ನು ಎಂದು ಕರೆಯುತ್ತಿದ್ದರು. ಅವಳಿಗೂ ಅದರಿಂದ ಬೇಸರವಿದ್ದಂತೆ ಕಾಣಲಿಲ್ಲ. ಆ ಹುಡುಗಿ ಅಲ್ಲಿ ಇರಬೇಕಾದವಳಲ್ಲ. ತಪ್ಪು ನನ್ನದು.

ಅವಳ ಪರಿಶೀಲನೆಯ ತಿಂಗಳು ಈ ಶನಿವಾರ, ಇಪ್ಪತ್ತಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ನೀನು ಈ ಮಗುವನ್ನು ಹಿಂದಕ್ಕೆ ಕಳಿಸುತ್ತಿದ್ದೇವೆ ಎಂದು ಬರೆಯದಿದ್ದರೆ ಇಲ್ಲಿ ಅವಳ ಹೆಸರನ್ನು ಹೊಡೆದುಹಾಕುತ್ತಾರೆ. ಆಮೇಲೆ ನಿಮ್ಮಲ್ಲಿಂದ ಸಾಮಾನ್ಯ ಶಾಲೆಗೆ ಮರಳಿದ ಮಕ್ಕಳು ಎಷ್ಟು ಮಂದಿ ಎಂಬುದು ನನಗಿಂತ ನಿನಗೇ ಚೆನ್ನಾಗಿ ಗೊತ್ತು. ನಮ್ಮ ಹೆಡ್ ಮೇಡಂ ಹತ್ತಿರ ಹೋಗಿದ್ದೆ. ಕಾಗದ ತಮ್ಮ ಕೈ ದಾಟಿದೆ, ಇನ್ನು ಏನಿದ್ದರೂ ಆ ಕಡೆಯವರೇ ಮಾಡಬೇಕು ಎಂದು ಕೈ ತೊಳೆದುಕೊಂಡರು. ಆ ಕಡೆಯವರು ಎಂದರೆ ನೀನು.

ಈ ವರ್ಷದ ಆರಂಭದಲ್ಲಿ ನಮಗೆ ಟ್ಯಾಬ್‌ಗಳು ಬಂದವು. ಮಗುವಿಗೊಂದರಂತೆ ನಲವತ್ತೊಂದು, ಮನೆಗೂ ಒಯ್ಯಬಹುದು. ಮಗು ಕೊಡುವ ಉತ್ತರ ನೋಡಿಕೊಂಡು ಆ ಮಗುವಿಗೆ ತಕ್ಕ ಪಾಠವನ್ನು ಅದೇ ಆರಿಸಿ ಕೊಡುತ್ತದೆ. ಅದನ್ನು ದೂರುವುದಕ್ಕೆ ನಾನು ಕೂತಿಲ್ಲ. ಕಿವಿ ಮಂದವಿರುವ ಹುಡುಗ, ನಮ್ಮ ಪ್ರಶ್ನೆರಾಯ, ಮೂರು ವರ್ಷದಿಂದ ಟೀಚರುಗಳ ತುಟಿ ನೋಡಿ ನೋಡಿ ಸುಸ್ತಾಗಿದ್ದವನು, ಈಗ ನಾನು ಮಾತಾಡಿದ್ದನ್ನು ಅಕ್ಷರದಲ್ಲಿ ಓದಿಕೊಂಡು ನಾನೇ ತಬ್ಬಿಬ್ಬಾಗುವಂಥ ಪ್ರಶ್ನೆ ಕೇಳುತ್ತಾನೆ. ಕಣ್ಣು ಸರಿಯಿಲ್ಲದ ಹುಡುಗಿಗೆ ಒಂದೊಂದು ಅಕ್ಷರವೂ ಅಂಗೈಯಗಲ ಕಾಣುತ್ತದೆ. ಐದು ನಿಮಿಷ ಕೂತಲ್ಲಿ ಕೂರದವರಿಗೆ ನಾಲ್ಕೇ ನಿಮಿಷದ ಪಾಠ. ಇಪ್ಪತ್ತೆರಡು ವರ್ಷ ಪಾಠ ಮಾಡಿಯೂ ನನ್ನಿಂದ ಆಗದ್ದನ್ನು ಅದು ಮಾಡಿತು, ಸುಳ್ಳು ಹೇಳಬಾರದು.

ಆದರೆ ನನಗೆ ಅದು ಇಷ್ಟವಾದದ್ದು ಬೇರೆ ಕಾರಣಕ್ಕೆ. ಮಕ್ಕಳು ಕಿವಿಗೆ ಇಯರ್‌ಫೋನ್ ಹಾಕಿಕೊಂಡರೆ ತರಗತಿಯಲ್ಲಿ ಗಡಿಯಾರದ ಸದ್ದು ಕೇಳುತ್ತಿತ್ತು. ಯಾರೂ ನನ್ನನ್ನು ಏನೂ ಕೇಳುತ್ತಿರಲಿಲ್ಲ. ನನ್ನ ಮೇಜಿನ ಮೇಲಿನ ಪರದೆಯಲ್ಲಿ ನಲವತ್ತೊಂದು ಚೌಕಗಳು, ಹಸಿರು, ಹಳದಿ, ಕೆಂಪು. ನಾನು ಅವನ್ನೇ ನೋಡುತ್ತಾ ಕೂರುತ್ತಿದ್ದೆ. ತಪಾಸಣೆಗೆ ಬಂದವರು ಬಾಗಿಲಲ್ಲೇ ನಿಂತು, ಎಂಥ ಶಿಸ್ತು ನೋಡಿ ಎಂದು ಹೊಗಳಿ ಹೋದರು.

ಅಮ್ಮ ಹೋದ ಮೇಲೆ ನನಗೆ ಏನೋ ಆಗಿದೆ ಅಕ್ಕ. ಕಾಲು ಜೋಮು ಹಿಡಿದಾಗ ಮುಟ್ಟಿದರೆ ಯಾರದೋ ಕಾಲು ಅನ್ನಿಸುತ್ತದಲ್ಲ, ಹಾಗೆ ಒಂದೂವರೆ ವರ್ಷ. ಊಟ ಮಾಡುತ್ತೇನೆ, ಬಟ್ಟೆ ಇಸ್ತ್ರಿ ಮಾಡುತ್ತೇನೆ, ಯಾರು ಏನು ಹೇಳಿದರೂ ಆಯ್ತು ಅನ್ನುತ್ತೇನೆ. ಆ ದಿನ ನಾನು ಅಳಲಿಲ್ಲವೆಂದು ನೀನು ಎಲ್ಲರೆದುರು ನನ್ನನ್ನು ಕಲ್ಲು ಎಂದೆ. ನನಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಇಬ್ಬರೂ ಚೆನ್ನಾಗಿ ಜಗಳವಾಡಿ ಇಷ್ಟು ಹೊತ್ತಿಗೆ ರಾಜಿಯಾಗಿರುತ್ತಿದ್ದೆವು. ಇದನ್ನು ನೆಪವೆಂದು ಬರೆಯುತ್ತಿಲ್ಲ. ನೆಪವಾಗಿ ಓದಿಕೊಂಡರೂ ನಾನು ತಕರಾರು ಮಾಡುವುದಿಲ್ಲ.

ಬನ್ನುವಿನ ಚೌಕ ಮೊದಲಿಗೆ ಹಸಿರಿತ್ತು. ಎರಡು ತಿಂಗಳಲ್ಲಿ ಹಳದಿ, ಆಮೇಲೆ ಕೆಂಪು. ಕಲಿತದ್ದು ನಿಲ್ಲುತ್ತಿಲ್ಲ, ಒಂದು ದಿನದೊಳಗೆ ಅಕ್ಷರಗಳನ್ನೇ ಮರೆಯುತ್ತದೆ, ಹೆಚ್ಚಿನ ನೆರವು ಬೇಕು ಎಂದು ವರದಿ ಬಂತು. ಅವಳನ್ನು ಕರೆದು ಯಾಕೆ ಹೀಗೆ ಎಂದು ಕೇಳಿದೆ. ನೆಲ ನೋಡುತ್ತಾ ನಿಂತಳು. ನಾನು ಇನ್ನೊಂದು ಸಲ ಕೇಳಲಿಲ್ಲ. ಒಂದು ಪುಸ್ತಕ ಕೈಗೆ ಕೊಟ್ಟು ಓದು ನೋಡೋಣ ಅನ್ನಬೇಕೆಂದು ತೋಚಲೂ ಇಲ್ಲ. ಯಂತ್ರದ ವರದಿಯನ್ನು ನನ್ನ ಕೈಬರಹದಲ್ಲಿ ಇಳಿಸಿ ಸಹಿ ಮಾಡಿದೆ. ಆ ವರದಿಯನ್ನು ನೀನು ಓದಿದ್ದೀಯ. ನನ್ನ ಅಕ್ಷರ ಈಗಲೂ ದುಂಡಗಿದೆ, ಅಲ್ಲವೇ.

ಅವಳ ಅಪ್ಪನನ್ನು ಕರೆಸಿದೆ. ಬೇಕರಿಯ ಕೆಲಸ ಮುಗಿಸಿ ನೇರ ಬಂದಿದ್ದ, ತೋಳಿನ ಕೂದಲಿನಲ್ಲಿ ಹಿಟ್ಟು. ಟ್ಯಾಬ್ ನೋಡಿ ಅವಳಿಗೆ ತಕ್ಕ ಶಾಲೆ ಆರಿಸಿದ್ದೇವೆ, ಸೋಮವಾರದಿಂದ ವ್ಯಾನ್ ಬರುತ್ತದೆ ಎಂದೆ. ಒಪ್ಪಿಗೆಪತ್ರ ಅವನ ಮುಂದೆ ಇಟ್ಟು ಸಹಿಯ ಜಾಗ ತೋರಿಸಿದೆ. ಅವನು ಏನೂ ಹೇಳಲಿಲ್ಲ. ಪೆನ್ನನ್ನು ಬಿಗಿಯಾಗಿ ಹಿಡಿದು, ಗೆರೆ ದಾಟದ ಹಾಗೆ, ಬಹಳ ನಿಧಾನಕ್ಕೆ ಸಹಿ ಹಾಕಿ ಎದ್ದುಹೋದ. ಅಷ್ಟು ನಿಧಾನಕ್ಕೆ ಸಹಿ ಮಾಡುವವರು ಯಾರೆಂದು ಇಪ್ಪತ್ತೆರಡು ವರ್ಷದ ಟೀಚರಿಗೆ ಗೊತ್ತಾಗಬೇಕಿತ್ತು. ಗೊತ್ತಾಗಲಿಲ್ಲ.

ಹೋದ ಗುರುವಾರ ಹೊಸ ಮಗುವೊಂದಕ್ಕೆ ಕೊಡಲು ಬನ್ನುವಿನ ಟ್ಯಾಬ್ ತೆಗೆದೆ. ಹಳೆಯದನ್ನು ಅಳಿಸುವ ಮುಂಚೆ ಅದರಲ್ಲಿದ್ದದ್ದನ್ನು ತೆರೆದು ನೋಡಿದೆ. ಗಟ್ಟಿಯಾಗಿ ಓದುವ ಪಾಠದಲ್ಲಿ ಮಗುವಿನ ದನಿ ಅದರೊಳಗೇ ಉಳಿಯುತ್ತದೆ. ಅರವತ್ತಕ್ಕೂ ಹೆಚ್ಚು ಓದುಗಳಿದ್ದವು. ಅರ್ಧಕ್ಕರ್ಧ ಬೆಳಿಗ್ಗೆ ಐದೂವರೆಯಿಂದ ಆರೂವರೆಯೊಳಗೆ. ಒಂದನ್ನು ಒತ್ತಿದೆ.

ಗಂಡಸಿನ ದನಿ. ಆಮೆ ಎಂಬ ಪದವನ್ನು ಎರಡು ತುಂಡು ಮಾಡಿ, ನಡುವೆ ಉಸಿರು ಬಿಟ್ಟು, ಆಮೇಲೆ ಕೂಡಿಸಿ ಓದುತ್ತಿದ್ದ. ನಿಧಾನ ಎಂಬಲ್ಲಿ ಸಿಕ್ಕಿಕೊಂಡು ಮೂರು ಸಲ ಹಿಂದಕ್ಕೆ ಹೋದ. ಆಗ ದೂರದಿಂದ, ಹೊದಿಕೆಯೊಳಗಿನಿಂದ ಬಂದಂತೆ ನಿದ್ದೆಗಣ್ಣಿನ ದನಿಯೊಂದು ಹೇಳಿಕೊಟ್ಟಿತು. ಅಕ್ಕ, ಅದು ಬನ್ನು. ಅವಳು ಆ ಪುಟವನ್ನು ನೋಡುತ್ತಲೂ ಇರಲಿಲ್ಲ. ಬಾಯಿಪಾಠ ಬರುತ್ತಿತ್ತು. ಆಮೇಲೆ ಅವಳೇ ಓದಿದ ಓದುಗಳನ್ನು ಹಾಕಿದೆ, ಮೊದಲ ತಿಂಗಳಿನವು. ನೀರು ಕುಡಿದಂತೆ ಓದಿದ್ದಾಳೆ. ಆಮೆ ಸೋತೀತೆಂದು ದನಿಯಲ್ಲಿ ಕಾಳಜಿ ಬೇರೆ. ಏಳು ತಿಂಗಳು ಆ ಮಗು ನನ್ನೆದುರು ಮೂರನೆಯ ಬೆಂಚಿನಲ್ಲಿ ಕೂತಿತ್ತು, ಅದು ಓದುವ ದನಿಯನ್ನು ನಾನು ಮೊದಲ ಸಲ ಕೇಳಿದ್ದು ಅದು ಹೋದ ಮೇಲೆ.

ಬೆಳಿಗ್ಗೆ ಅಕ್ಷರ ತಡಕಾಡಿದವನನ್ನೂ ಹತ್ತು ಗಂಟೆಗೆ ಕಥೆ ಓದಿದವಳನ್ನೂ ಯಂತ್ರ ಒಂದೇ ಎಂದುಕೊಂಡು, ಇಬ್ಬರ ನಡುವೆ ಎಲ್ಲೋ ಇರುವ ಒಂದು ಮಗುವನ್ನು ಮಾಡಿ, ಅದಕ್ಕೆ ತಕ್ಕ ಪಾಠ ಕೊಟ್ಟಿತು. ಅಪ್ಪನಿಗೆ ಅದು ಕಷ್ಟ, ಮಗಳಿಗೆ ಸಪ್ಪೆ. ಅವನು ಇನ್ನಷ್ಟು ತಪ್ಪಿದ, ಪಾಠ ಇನ್ನಷ್ಟು ಕೆಳಗಿಳಿಯಿತು. ಕೊನೆಕೊನೆಗೆ ಅವಳು ತರಗತಿಯಲ್ಲಿ ಮೇಜಿಗೆ ಕೆನ್ನೆ ಆನಿಸಿ ಕೈಗೆ ಸಿಕ್ಕಿದ್ದನ್ನು ಒತ್ತುತ್ತಿದ್ದಳು. ಅದನ್ನು ನಾನು ಕಣ್ಣಾರೆ ಕಂಡಿದ್ದೆ. ಯಂತ್ರಕ್ಕೆ ಕಣ್ಣಿಲ್ಲವೆಂದೇ ಅಲ್ಲವೇ ನನ್ನನ್ನು ಅಲ್ಲಿ ಕೂರಿಸಿದ್ದು.

ಮಾರನೆಯ ದಿನ ಅವನನ್ನು ಮತ್ತೆ ಕರೆಸಿದೆ. ಮಕ್ಕಳ ಕುರ್ಚಿಯಲ್ಲಿ ಮಂಡಿ ಎದೆಗೆ ತಾಕುವಂತೆ ಕೂತ. ಮನೆಗೆ ಬರುವ ಚೀಟಿಗಳನ್ನೆಲ್ಲ ಮಗಳೇ ಓದಿ ಹೇಳುತ್ತಿದ್ದಳಂತೆ. ಅವಳು ದೊಡ್ಡವಳಾಗುವ ಮುಂಚೆ ತಾನೂ ಕಲಿತುಬಿಡಬೇಕು ಎಂದುಕೊಂಡನಂತೆ. ದೊಡ್ಡವರ ತರಗತಿಗೆ ಹಿಂದೊಮ್ಮೆ ಎರಡು ದಿನ ಹೋಗಿ, ಪಕ್ಕದಲ್ಲಿ ಕೂತವರು ನಕ್ಕರೆಂದು ಬಿಟ್ಟಿದ್ದನಂತೆ. ಟ್ಯಾಬಿನ ಬಗ್ಗೆ ಮಾತ್ರ ಅವನಿಗೆ ಬಹಳ ಗೌರವ.

“ಅದು ನಗಲ್ಲ ಮೇಡಂ. ಎಷ್ಟು ಸಲ ತಪ್ಪು ಮಾಡಿದ್ರೂ ಇನ್ನೊಂದು ಸಲ ನೋಡಿ ಅನ್ನುತ್ತೆ, ಅಷ್ಟೆ.”

ಯಾರಿಗೂ ಹೇಳಬೇಡ ಎಂದು ಮಗಳ ಹತ್ತಿರ ಮಾತು ತೆಗೆದುಕೊಂಡಿದ್ದ. ಅವಳು ಆ ಮಾತು ಉಳಿಸಿಕೊಳ್ಳುವುದಕ್ಕಾಗಿ ದಡ್ಡಿ ಅನ್ನಿಸಿಕೊಂಡಳು, ಗೆಳತಿಯರನ್ನು ಬಿಟ್ಟು ವ್ಯಾನ್ ಹತ್ತಿದಳು. ಎಲ್ಲಿಗೆ, ಯಾಕೆ ಕಳಿಸುತ್ತಿದ್ದಾರೆಂದು ಅವಳಿಗೆ ಗೊತ್ತಿತ್ತು, ಒಪ್ಪಿಗೆಪತ್ರದ ಪ್ರತಿಯನ್ನು ಅಪ್ಪ ಅವಳ ಕೈಗೇ ಕೊಟ್ಟಿದ್ದನಂತೆ, ಅವಳು ಓದಿಕೊಂಡಿದ್ದಳು. ಅಪ್ಪನಿಗೆ ಮಾತ್ರ ಹೇಳಿರಲಿಲ್ಲ. ಅವನೋ, ಮಗಳು ಯಾವುದೋ ದೊಡ್ಡ ಶಾಲೆಗೆ ಆಯ್ಕೆಯಾದಳೆಂದು ತಿಳಿದು ಬೇಕರಿಯವರಿಗೆಲ್ಲ ಕೇಕ್ ಹಂಚಿದ್ದನಂತೆ. ನಿಜ ಏನೆಂದು ನಾನು ಹೇಳಿದೆ. ಅಲ್ಲಿ ಅವಳಿಗೆ ಯಾರೂ ಬೈಯುವುದಿಲ್ಲ ತಾನೇ ಎಂದು ಕೇಳಿದ. ಅಲ್ಲಿರುವುದು ನನ್ನ ಅಕ್ಕ, ಬೈಯುವುದೇನಿದ್ದರೂ ನನ್ನನ್ನು ಎಂದೆ. ಅವನು ನಗಲಿಲ್ಲ. ನನಗೂ ನಗು ಬರಲಿಲ್ಲ, ಅಳುವೂ ಬರಲಿಲ್ಲ. ಎರಡರಲ್ಲಿ ಒಂದಾದರೂ ಬಂದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತೇನೋ.

ಈಗ ನೀನು ಮಾಡಬೇಕಾದದ್ದು ಇಷ್ಟು. ನಾಳೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಯಾವುದಾದರೂ ಪುಸ್ತಕ ಕೊಟ್ಟು ಗಟ್ಟಿಯಾಗಿ ಓದಿಸು. ಹತ್ತು ನಿಮಿಷ ಸಾಕು. ಆದರೆ ಅದಕ್ಕೆ ಮೊದಲು ಅವಳ ಅಪ್ಪ ಅವಳ ಹತ್ತಿರ ಮಾತಾಡಲಿ, ಇನ್ನು ಮುಚ್ಚಿಡುವುದು ಬೇಡ ಎಂದು ಅವನೇ ಹೇಳಲಿ. ಅಲ್ಲಿಯವರೆಗೆ ಅವಳು ಬಾಯಿ ಬಿಡುವುದಿಲ್ಲ, ನಿನ್ನ ಹತ್ತಿರವೂ ಇಲ್ಲ. ಅದಕ್ಕೇ ಈ ಪತ್ರವನ್ನು ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ನಿಮ್ಮಲ್ಲಿ ಜಾಗಕ್ಕಾಗಿ ಎಷ್ಟು ಮಕ್ಕಳು ಕಾದಿದ್ದಾರೆಂದು ನನಗೆ ಗೊತ್ತು. ಆ ಜಾಗ ಅವರಲ್ಲೊಬ್ಬರಿಗೆ ಹೋಗಲಿ.

ವರದಿ ತಪ್ಪು, ಬರೆದವಳು ನಾನು, ಮಗುವಿನದೂ ಅಪ್ಪನದೂ ತಪ್ಪಿಲ್ಲ ಎಂದು ಬೇರೆ ಹಾಳೆಯಲ್ಲಿ ಬರೆದು ಸಹಿ ಮಾಡಿ ಇದರೊಂದಿಗೆ ಇಟ್ಟಿದ್ದೇನೆ. ಕಡತಕ್ಕೆ ಅದು ಸಾಕಾಗಬಹುದು. ನನ್ನ ಮೇಲೆ ಏನು ಕ್ರಮ ಬರುತ್ತದೋ ಬರಲಿ. ನನಗಾಗಿ ನೀನು ಏನನ್ನೂ ಹೊಟ್ಟೆಗೆ ಹಾಕಿಕೊಳ್ಳಬೇಕಾಗಿಲ್ಲ. ಆ ಹುಡುಗಿ ಸೋಮವಾರ ಇಲ್ಲಿ ಇರಬೇಕು, ನನಗೆ ಬೇಕಾದದ್ದು ಅದೊಂದೇ.

ನಿನ್ನ ತಂಗಿ

ವಿ.ಸೂ.: ಪತ್ರವನ್ನು ಅಂಟಿಸದೆ ಅವನ ಕೈಗೆ ಕೊಟ್ಟಿದ್ದೆ. ಓದಬಹುದೇ ಎಂದು ಕೇಳಿದ. ಓದಿ ಎಂದೆ. ಮಕ್ಕಳು ಆಟಕ್ಕೆ ಹೋಗಿದ್ದರು. ಮೊದಲ ಬೆಂಚಿನಲ್ಲಿ ಕೂತು, ಸಾಲಿನ ಕೆಳಗೆ ಬೆರಳಿಟ್ಟು, ತುಟಿ ಆಡಿಸುತ್ತಾ ಎರಡು ಪೀರಿಯಡ್ ಓದಿದ. ಕೊನೆಗೆ ಎದ್ದು ಬಂದು ಹೀಗೆ ಹೇಳಿದ: “ಸಹಿ ಹಾಕೋ ದಿವಸ ನಾನು ಹೇಳಿದ್ದೆನಲ್ಲ ಮೇಡಂ, ಟ್ಯಾಬಿನಲ್ಲಿ ಬೆಳಗಿನ ಹೊತ್ತಿನ ಉತ್ತರ ನನ್ನವು, ಅವನ್ನ ಅವಳ ಲೆಕ್ಕಕ್ಕೆ ಹಿಡೀಬೇಡಿ ಅಂತ. ನೀವು ಆಯ್ತು ಅಂದ್ರಿ. ಅದು ಎಲ್ಲಿ ಬರೆದಿದ್ದೀರಿ, ನನಗೆ ಸಿಗಲಿಲ್ಲ.” ಮಗಳಿಗೆ ಸಲ್ಲದ ಹೊಗಳಿಕೆ ಸಲ್ಲಬಾರದೆಂದು ಆ ದಿನ ಅವನು ತನ್ನ ಗುಟ್ಟನ್ನೂ ಬಿಟ್ಟುಕೊಟ್ಟು ನಿಜವಾಗಿಯೂ ಹಾಗೆ ಹೇಳಿದ್ದ ಅಕ್ಕ. ಅವನು ಏನೂ ಹೇಳಲಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು, ನನಗೆ ಕೇಳಿಸಿತ್ತು. ಆಯ್ತು ಎಂದು ಪೆನ್ನು ಕೊಟ್ಟವಳು ನಾನೇ. ಗುರುವಾರ ಟ್ಯಾಬ್ ತೆರೆದದ್ದೂ ಆ ಮಾತು ತಲೆಯಲ್ಲಿ ಉಳಿದಿತ್ತೆಂದೇ. ಅವನು ಇದನ್ನು ದೂರು ಎಂದು ಹೇಳಲಿಲ್ಲ. ತನ್ನ ಓದಿನಲ್ಲೇ ಏನೋ ತಪ್ಪಿರಬೇಕೆಂದುಕೊಂಡು, ಮತ್ತೆ ಎರಡನೆಯ ಹಾಳೆಗೆ ಹೋಗಿ, ಬೆರಳಿಟ್ಟು ಹುಡುಕತೊಡಗಿದ. ನೀವು ಸರಿಯಾಗಿಯೇ ಓದಿದ್ದೀರಿ, ನಾನು ಅದನ್ನು ಬರೆದಿಲ್ಲ ಎಂದೆ. ಈಗ ಬರೆದಿದ್ದೇನೆ. ಇದನ್ನೂ ಕಡತಕ್ಕೆ ಸೇರಿಸು.