ಎಂಟನೇ ನಂಬರಿನ ಅಂಗಿ

ಭಾನುವಾರ ಮಧ್ಯಾಹ್ನ

ದೊಡ್ಡ ಮಗಳಿಗೆ ಅಮ್ಮನ ಆಶೀರ್ವಾದ.

ನಿನ್ನ ತಮ್ಮ ತೀರಿಕೊಂಡು ಇಷ್ಟು ವರ್ಷವಾದ ಮೇಲೆ ನೀನು ಬರೆದ ಮೊದಲ ಪತ್ರ ತಲುಪಿತು. ಅದರಲ್ಲೂ ಅಮ್ಮ ಹೇಗಿದ್ದೀಯ ಎಂಬ ಒಂದು ಮಾತಿಲ್ಲ. ನಿನ್ನ ಮಗಳ ಶಾಲೆಯಲ್ಲಿ ಮನೆಯವರ ಇಷ್ಟದ ಸಂಖ್ಯೆ, ಅದರ ಕಾರಣ ಬರೆದು ತರಲು ಹೇಳಿದ್ದಾರೆ, ಅಜ್ಜಿಯದ್ದೂ ಬೇಕಂತೆ. ಶಾಲೆಯವರಿಗೆ ಬೇರೆ ಕೆಲಸವಿಲ್ಲವೇ? ಇರಲಿ, ಹತ್ತು ಎಂದು ಬರೆಸು. ಗುಣಿಸಲು ಸುಲಭ.

ನಮ್ಮ ಲಾಂಡ್ರಿಯಲ್ಲೇ ಬೆಳೆದವಳು ನೀನು. ಪ್ರತಿ ಗಿರಾಕಿಗೂ ಒಂದು ನಂಬರು, ಕಾಲರಿನ ಒಳಗೆ ಕೆಂಪು ದಾರದಲ್ಲಿ. ಮನೆಯವರಿಗೂ ಅಷ್ಟೇ. ನೀನು 11 ಬೇಕೆಂದು ಹಟ ಹಿಡಿದೆ, ಎರಡು ಗೀಟು ಎಳೆದರೆ ಹೊಲಿಗೆ ಮುಗಿಯಿತು ಎಂದು. ಸೋಮಾರಿ. ನಿನ್ನ ತಮ್ಮ 8 ಆರಿಸಿದ. ಸೂಜಿ ಎಲ್ಲಿಂದ ಹೊರಟಿತೋ ಅಲ್ಲಿಗೇ ಬಂದು ನಿಲ್ಲುತ್ತದಮ್ಮಾ ಎಂದಿದ್ದ.

ಅವನು ಹೋಗಿ ವಾರ ಕಳೆಯುವ ಮೊದಲೇ ಅವನ ಅಂಗಿಗಳನ್ನು ಎದುರಿನ ಬೇಕರಿಯವನಿಗೆ ಕೊಟ್ಟೆ. ನೀನು ಬಾಗಿಲಲ್ಲಿ ನಿಂತು, “ನೀನು ತಾಯಿನಾ, ಕಲ್ಲಾ? ಅವನ ಬೆವರಿನ ವಾಸನೆ ಇನ್ನೂ ಹೋಗಿಲ್ಲ ಅದ್ರಲ್ಲಿ” ಅಂದೆ. ಕೂಗಾಡುವವರಿಗೆ ಉತ್ತರ ಕೊಡುವ ಅಭ್ಯಾಸ ನನಗಿಲ್ಲ.

ಈಗ ಕೇಳು. ದೂರದ ಯಾರಿಗಾದರೂ ಕೊಡು ಎಂದು ನಿನ್ನ ಚಿಕ್ಕಪ್ಪ ಹೇಳಿದ್ದ. ಪೆಟ್ಟಿಗೆಯಲ್ಲಿಡು ಎಂದು ನೀನು. ದೂರ ಕೊಟ್ಟ ಬಟ್ಟೆ ಹಿಂದೆ ಬರುವುದಿಲ್ಲ. ಪೆಟ್ಟಿಗೆಯಲ್ಲಿಟ್ಟ ಬಟ್ಟೆಗೆ ನನ್ನಿಂದ ಆಗಬೇಕಾದ ಕೆಲಸವೇ ಇಲ್ಲ. ಬೇಕರಿಯವನು ನಮ್ಮ ಗಿರಾಕಿ, ಮೈಯೆಲ್ಲ ಹಿಟ್ಟು ಮಾಡಿಕೊಂಡು ವಾರವಾರವೂ ಒಗೆಯಲು ಹಾಕುವವನು. ಅವನ ನಂಬರು ಬೇರೆ. ಆದರೆ ಆ ಅಂಗಿಗಳ ಕಾಲರಿನ ದಾರ ನಾನು ಬಿಚ್ಚಲಿಲ್ಲ. ಕೆಲಸದವರು ಮುಟ್ಟಲೂ ಬಿಡಲಿಲ್ಲ. ಇಷ್ಟು ವರ್ಷ ನಾನೇ ಒಗೆದೆ, ನಾನೇ ಇಸ್ತ್ರಿ ಮಾಡಿದೆ.

ಒಂದೊಂದಾಗಿ ಹರಿದುಹೋದವು. ಉಳಿದದ್ದು ನೀಲಿ ಗೀರಿನದು. ಮೊನ್ನೆ ಅದನ್ನು ತಂದ ಬೇಕರಿಯವನು, ಮೊಣಕೈ ಕಿತ್ತುಹೋಗಿದೆ ಅಮ್ಮಾವ್ರೇ, ಇನ್ನು ನೆಲ ಒರೆಸೋಕೆ ಇಟ್ಕೊಳ್ಳಿ ಎಂದು ಮೇಜಿನ ಮೇಲಿಟ್ಟು ಹೋದ. ಆಗಲಿ ಎಂದೆ.

ಮಗುವಿಗೆ ಅಕ್ಷರ ದುಂಡಗೆ ಬರೆಯಲು ಕಲಿಸು. ನಿನ್ನ ಕೈಬರಹ ಇನ್ನೂ ಸುಧಾರಿಸಿಲ್ಲ.

ಇಂತಿ,
ನಿನ್ನ ಅಮ್ಮ

ತಾ.ಕ.: ಹತ್ತು ಬೇಡ, 8 ಎಂದು ಬರೆಸು. ಕಾರಣ ಏನೆಂದು ಮಗು ಕೇಳಿದರೆ ಕರೆದುಕೊಂಡು ಬಾ. ಅಂಗಿಯನ್ನು ಇನ್ನೂ ನೀರಿಗೆ ಹಾಕಿಲ್ಲ. ಒಗೆದ ಮೇಲೆ ಅದನ್ನು ತೆಗೆದುಕೊಂಡು ಹೋಗುವವರು ಯಾರೂ ಇಲ್ಲ.