ಗಾಜಿಗೆ ಹತ್ತದ ಬಣ್ಣ

ಅಕ್ಕಾ,

ಫೋನಿನಲ್ಲಿ ಮಾತಾಡಿ ಕಳಿಸಿದರೆ ಮನೆಮಂದಿಯೆಲ್ಲ ಕೇಳುತ್ತಾರೆ, ಕಾರ್ಡಾದರೆ ಪೋಸ್ಟ್‌ಮನ್ ಒಬ್ಬನೇ ಓದುತ್ತಾನೆ. ನಾನು ಹೊಸದಾಗಿ ಸೇರಿದ ಈ ಲ್ಯಾಬಿನಲ್ಲಿ ಬಿಸಿಲಿಂದ ಕರೆಂಟು ಮಾಡುವ ಗಾಜು ತಯಾರಾಗುತ್ತದೆ. ಇಲ್ಲಿನ ಮೇಡಂ ಬೆಳಕು ಹೀರುವ ಹೊಸ ಹೊಸ ಬಣ್ಣ ಕಂಡುಹಿಡಿಯುತ್ತಾರೆ, ನೂಲಿಗೆ ಬಣ್ಣ ಹಾಕುತ್ತಿದ್ದ ನಾನು ಅದನ್ನು ಗಾಜಿಗೆ ಹತ್ತಿಸುತ್ತೇನೆ. ಸಂಜೆ ದಾಸವಾಳದಂತಿದ್ದ ಗಾಜು ನಾಲ್ಕು ಸಲವೂ ಬೆಳಿಗ್ಗೆಗೆ ಪೇಲವ. ಪಕ್ಕದ ಮೇಜಿನ ಕನ್ನಡಕದವನು ನನ್ನ ಸೀಸೆಗಳನ್ನು ಎತ್ತೆತ್ತಿ ನೋಡುತ್ತಿದ್ದ. ಅವನದೇ ಕಿತಾಪತಿ ಅಂತ ಮೇಡಂಗೆ ಹೇಳಿಬಿಟ್ಟೆ. ಅವನಿಂದ ಕೋಣೆಯ ಬೀಗದಕೈ ಇಸಿದುಕೊಂಡರು.

ಇವತ್ತು ಮೇಡಂ ಪಕ್ಕದಲ್ಲೇ ನಿಂತಿದ್ದರು. ಗಾಜನ್ನು ಬಣ್ಣದಿಂದ ತೆಗೆದು ನಲ್ಲಿ ಕೆಳಗೆ ಹಿಡಿದೆ.

"ರೀ, ನೀರಿಗ್ಯಾಕೆ ಹಿಡಿತೀರಿ?"

"ಬಣ್ಣ ಹಾಕಿದ್ಮೇಲೆ ಜಾಲಿಸ್ಬೇಡ್ವಾ ಮೇಡಂ?"

"ಇದೇನು ಸೀರೇನಾ? ನೀರು ತಾಗಿದ್ರೆ ಬೆಳಗಾಗೋದ್ರೊಳಗೆ ಬಣ್ಣ ಗಾಜು ಬಿಟ್ಟುಬಿಡತ್ತೆ. ಸ್ಪಿರಿಟ್ಟಲ್ಲಿ ತೊಳೀಬೇಕು."

ಬೀಗದಕೈಯನ್ನು ನಾನೇ ಒಯ್ದು ಕೊಟ್ಟು, ಕನ್ನಡಕದವನಿಗೆ ತಪ್ಪಾಯಿತು ಅಂದೆ. "ಅಯ್ಯೋ ಬಿಡಿ ಸಾರ್" ಅಂತ ನಕ್ಕ.

ಮಂಡಿನೋವು ಇಳಿದಿದೆ, ಭಾವನಿಗೆ ತಿಳಿಸು. ಜಾಗ ಮುಗಿಯಿತು. ಆದರೂ ಅಕ್ಕಾ, ಅವನು ಅಷ್ಟು ಸಲೀಸಾಗಿ ಯಾಕೆ ಬಿಟ್ಟ?

ನಿನ್ನ ತಮ್ಮ