ಏಳನೇ ದಿನ ತೊಳೆದ ತಟ್ಟೆ

ಪ್ರಾಂತ್ಯದ ರೋಗಪತ್ತೆ ಪ್ರಯೋಗಾಲಯದ ಮಾನ್ಯ ನಿರ್ದೇಶಕರೇ,

ನನ್ನಣ್ಣ ತಾಜುಸ್ಸಿರ್‌ನ ಎಡಗಾಲು ನಮ್ಮೂರ ಖಬರಸ್ತಾನದಲ್ಲಿದೆ, ಅಣ್ಣ ಮನೆಯಲ್ಲಿದ್ದಾನೆ. ಈ ಹಂಚಿಕೆ ಮಾಡಿದವರು ತಾವು.

ಅವನ ಪಾದಕ್ಕೆ ಚುಚ್ಚಿದ್ದು ಬರೀ ಜಾಲಿಮುಳ್ಳು. ಆಡು ಕಾಯುವವರಿಗೆ ಅದು ಸುದ್ದಿಯೇ ಅಲ್ಲ. ಪಾದ ಊದಿ, ತೂತುಬಿದ್ದು, ಸಾಸಿವೆಗಿಂತ ಸಣ್ಣ ಕಪ್ಪು ಕಾಳುಗಳು ಹೊರಬಂದಾಗ ಅಮ್ಮ ಅವನ್ನು ಬಟ್ಟೆಯಲ್ಲಿ ಕಟ್ಟಿಕೊಂಡು, ಅಣ್ಣನೊಂದಿಗೆ ನೀಲ ನೈಲ್ ನದಿ ದಾಟಿ ತಮ್ಮಲ್ಲಿಗೆ ಬಂದಳು. ಬಟ್ಟೆ ಕೊಳಕೆಂದು ತಮ್ಮವರು ಕಾಳುಗಳನ್ನು ವಾಪಸು ಕೊಟ್ಟರು. ಸೂಕ್ಷ್ಮದರ್ಶಕವನ್ನು ಕೊಳಕಾಗದಂತೆ ಕಾಪಾಡುವ ಪ್ರಯೋಗಾಲಯ ಜಗತ್ತಿನಲ್ಲಿ ಇನ್ನೆಲ್ಲಿದೆ? ಪಾದದಿಂದ ಕತ್ತರಿಸಿದ ಮಾಂಸದ ಚೂರನ್ನೇನೋ, ಶಿಲೀಂಧ್ರ ಬೆಳೆಯುತ್ತದೆಯೇ ಎಂದು ನೋಡಲು ಗಾಜಿನ ತಟ್ಟೆಯಲ್ಲಿಟ್ಟರು. ಏಳನೇ ದಿನ ವರದಿ ಬಂತು: ಶಿಲೀಂಧ್ರವಿಲ್ಲ. ಕೆಳಗೆ ತಮ್ಮ ಸಹಿ. ಅದನ್ನು ನಂಬಿದ ವೈದ್ಯರು ಹದಿನಾಲ್ಕು ತಿಂಗಳು ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ ಕೊಟ್ಟರು. ವರದಿ ಓದದ ಶಿಲೀಂಧ್ರ ಮೂಳೆಗಿಳಿಯಿತು.

ಕತ್ತರಿಸಿದ ಕಾಲಿನ ಚೂರೊಂದನ್ನು ಶಸ್ತ್ರವೈದ್ಯರು ರಾಜಧಾನಿಗೆ ಕಳಿಸಿದರು. ಅಲ್ಲಿಯ ತಟ್ಟೆಯಲ್ಲಿ ಇಪ್ಪತ್ತನಾಲ್ಕನೇ ದಿನ ಶಿಲೀಂಧ್ರ ಬೆಳೆಯಿತು.

ನಾನೂ ಅಮ್ಮನೂ ಕೇಳಲು ಹೋದಾಗ ತಮ್ಮ ಸಹಾಯಕ ಅಮ್ಮನಿಗೆ ಹೇಳಿದ್ದು: "ಏಳು ದಿನಕ್ಕೆ ತಟ್ಟೆ ತೊಳೀತೀವಮ್ಮಾ, ಅದೇ ನಿಯಮ. ಬೇರೆಯವರದ್ದಕ್ಕೂ ಜಾಗ ಬೇಡ್ವಾ?"

ಮೂವತ್ತು ವರ್ಷ ಹುಳಿ ಜೋಳದ ಹಿಟ್ಟಿನಲ್ಲಿ ಕಿಸ್ರಾ ರೊಟ್ಟಿ ಹೊಯ್ದ ಅಮ್ಮ ಅಂದಳು: "ಚಳೀಲಿ ಹಿಟ್ಟು ಹುಳಿ ಬರೋದು ತಡ ಆದ್ರೆ ನಾನು ಕಾಯ್ತೀನಪ್ಪಾ. ಹಿಟ್ಟು ಸತ್ತೋಯ್ತು ಅಂತ ಊರಿಗೆಲ್ಲಾ ಚೀಟಿ ಬರ್ಕೊಡಲ್ಲ."

ಅವನು ನಕ್ಕ. ಅಮ್ಮ ನಗಲಿಲ್ಲ.

ನಾನು ಓದಿದ್ದು ಸಂತೆಯಲ್ಲಿ ಹಂಚಿದ ಎಂಟು ಪುಟದ ಕರಪತ್ರ. ಈ ಶಿಲೀಂಧ್ರ ನಿಧಾನ, ತಟ್ಟೆಯನ್ನು ನಾಲ್ಕರಿಂದ ಆರು ವಾರ ಇಡಬೇಕೆಂದು ಅದರ ಐದನೇ ಪುಟದಲ್ಲಿದೆ. ತಾವು ಎಷ್ಟನೇ ಪುಟಕ್ಕೆ ನಿಲ್ಲಿಸಿದಿರಿ?

ಕ್ಷಮೆ ಬೇಡ, ಇಟ್ಟುಕೊಳ್ಳಿ. ನಮ್ಮ ಪಕ್ಕದ ಮನೆಯ ಸಿತ್ತನಾಳಿಗೆ ಹತ್ತೊಂಬತ್ತು ವರ್ಷ, ಅವಳದ್ದೂ ಅದೇ ಕಪ್ಪು ಕಾಳು. ಅವಳ ತಟ್ಟೆ ಈಗ ತಮ್ಮಲ್ಲಿದೆ, ಬರುವ ಭಾನುವಾರಕ್ಕೆ ಏಳು ದಿನ. ಅದನ್ನು ತೊಳೆಯಕೂಡದು. ಆರು ವಾರ ಇಡಿ.

ತೊಳೆದರೆ, ಅವಳ ಕಾಲನ್ನು ಬಿಳಿಬಟ್ಟೆಯಲ್ಲಿ ಸುತ್ತಿ ಹೂಳುವ ದಿನ ಊರಿನವರೆಲ್ಲ ಮೊದಲು ತಮ್ಮ ಮನೆಗೇ ಬರುತ್ತೇವೆ. ಸಾವಿನ ಮನೆಯಲ್ಲಿ ಮಾಡುವಂತೆ ಬಾಗಿಲಲ್ಲಿ ಸಾಲಾಗಿ ನಿಂತು, ಕೈಯೆತ್ತಿ ಪ್ರಾರ್ಥಿಸಿ, ತಮಗೆ ಸಂತಾಪ ಹೇಳುತ್ತೇವೆ. ಸತ್ತವರು ಯಾರೆಂದು ತಮ್ಮ ಮಕ್ಕಳು ಕೇಳುತ್ತಾರೆ. ಉತ್ತರವನ್ನು ಈಗಲೇ ಬರೆದಿಟ್ಟುಕೊಳ್ಳಿ.

ಇಂತಿ,
ಅಣ್ಣ ಬದುಕಿರುವಾಗಲೇ ಅವನಿಗೆ ಗುಂಡಿ ತೋಡಿದ ತಮ್ಮ,
ಮುಜ್ತಬಾ